ಎರಡೂ ಗಾಲಿ ಒಟ್ಟಿಗೆ ತಿರುಗಿದ ಆಷಾಢ

ಮೊನ್ನೆ ಒಂದು ಟ್ರ್ಯಾಕ್ಟರಿನ ಡಿಫರೆನ್ಷಿಯಲ್ ಬಿಚ್ಚಿದಾಗ ಒಳಗಿನಿಂದ ಹಾಲು ಬೆರೆಸಿದ ಕಾಫಿಯಂಥ ಎಣ್ಣೆ ಸುರಿಯಿತು. ಗೇರ್ ಆಯಿಲ್‌ಗೆ ನೀರು ಸೇರಿದರೆ ಬಣ್ಣ ಹಾಗಾಗುತ್ತದೆ, ವಾಸನೆ ಮಾತ್ರ ಕೊಳೆತ ಮೊಟ್ಟೆಯದು. ಮೀಸೆ ಮೂಡುವ ಮುಂಚಿನಿಂದ ನನ್ನ ಮೂಗಿಗೆ ಒಗ್ಗಿದ ವಾಸನೆ ಅದು. ಆದರೆ ಆ ಹೊತ್ತಿಗೆ ಹೊರಗೆ ಸೋನೆ ಹಿಡಿದಿತ್ತು, ಷೆಡ್ಡಿನ ಹಿಂದಿನ ಲಂಟಾನ ಪೊದೆಯ ಘಾಟೂ ಬಂದು ಸೇರಿಕೊಂಡಿತು. ನಾನು ಸ್ಪ್ಯಾನರ್ ಕೆಳಗಿಟ್ಟು ಆಚೆ ಬಂದು ನಿಂತೆ. ಚಹಾ ತಂದ ನನ್ನ ಹೆಂಡತಿ ಮುಖ ನೋಡಿ ಏನಾಯಿತು ಎಂದು ಕೇಳಿದಳು. ಪುಣಜನೂರು ಕಡೆಯ ಆ ಆಷಾಢ ನೆನಪಾಯಿತು ಎಂದೆ. ಅವಳು ಲೋಟ ಇಟ್ಟು ಒಳಗೆ ಹೋದಳು.

ನನ್ನದು ಚಾಮರಾಜನಗರದಲ್ಲಿ ಗುಂಡ್ಲುಪೇಟೆ ರಸ್ತೆಗೆ ಮುಖ ಮಾಡಿದ ಸಣ್ಣ ಗ್ಯಾರೇಜು. ಮನೆಯಲ್ಲಿ ಉರ್ದು, ಗ್ಯಾರೇಜಿನಲ್ಲಿ ಕನ್ನಡ, ಗಡಿಯಾಚೆಯ ಗಿರಾಕಿ ಬಂದರೆ ತಮಿಳು, ಬೈಯುವುದಕ್ಕೆ ಮೂರೂ. ಗುಂಡ್ಲುಪೇಟೆಯ ಆಚೆ ಕಾಡಿನ ಪಕ್ಕದಲ್ಲಿ ರೆಸಾರ್ಟುಗಳು ಎದ್ದಾಗ ಎಟಿವಿ ಎಂಬ ದಪ್ಪ ಟೈರಿನ, ನಾಲ್ಕು ಗಾಲಿಯ ಗಾಡಿಗಳು ಬಂದವು. ನೋಡಿದರೆ ಮಕ್ಕಳ ಆಟದ ಸಾಮಾನು ದೊಡ್ಡದಾದ ಹಾಗೆ. ಪ್ರವಾಸಿಗಳು ಮುರಿಯುತ್ತಿದ್ದರು, ನಾನು ಕೂಡಿಸುತ್ತಿದ್ದೆ. ಹೀಗೆ ಎಲ್ಲಿ ಎಟಿವಿ ಕೆಟ್ಟರೂ ಜನ ನನ್ನ ಹೆಸರು ಹೇಳುವಂತಾಯಿತು. ಆ ಬಗ್ಗೆ ನನಗೆ ಕೊಬ್ಬೂ ಇತ್ತು, ಸುಳ್ಳೇಕೆ ಹೇಳಲಿ. ದೆವ್ವ ಪಿಶಾಚಿ ಅಂದರೆ ನಗುವವನು ನಾನು. ಈಗಲೂ ನಗುತ್ತೇನೆ, ಸ್ವಲ್ಪ ಮೆಲ್ಲಗೆ.

ಆ ವರ್ಷ ಆಷಾಢದ ಗಾಳಿ ಏಳುತ್ತಿದ್ದ ಹಾಗೆ ಒಬ್ಬ ಹೆಂಗಸು ಫೋನು ಮಾಡಿದರು. ಹೆಸರು ಮಂಗಳಮ್ಮ. ತವರು ಉಡಿಗಾಲ, ಗಂಡನ ಊರು ಪುಣಜನೂರಿನಿಂದ ಒಳಕ್ಕೆ, ಕಾಡಿನ ಅಂಚಿನಲ್ಲಿ. ಆ ಊರಿನ ಹೆಸರು ಇಲ್ಲಿ ಬೇಡ, ಜನ ಇನ್ನೂ ಅಲ್ಲೇ ಇದ್ದಾರೆ.

“ಅಣ್ಣ, ನಮ್ಮನೇಲಿ ನಾಕ್ ಗಾಲಿ ಗಾಡಿ ಅದ. ಅದ್ರ ಮುಂದ್ಲು ಗಾಲಿಗೆ ಲಾಕರ್ ಆಕ್ಬೇಕು. ಫೋನಲ್ಲಿ ನೋಡಿವ್ನಿ, ಆಗ್ತದ ಅಂತ ಗೊತ್ತು. ಆಗಲ್ಲ ಅಂತ ಮಾತ್ರ ಯೋಳ್ಬ್ಯಾಡಿ” ಎಂದರು.

ಲಾಕರ್ ಎಂದರೆ ಏನು ಅಂತ ಎರಡು ಮಾತು ಹೇಳಿಬಿಡುತ್ತೇನೆ. ಮುಂದಿನ ಎರಡು ಗಾಲಿಗಳ ನಡುವೆ ಡಿಫರೆನ್ಷಿಯಲ್ ಎಂಬ ಗೇರುಗಳ ಗಡಿಗೆ ಇರುತ್ತದೆ. ತಿರುವಿನಲ್ಲಿ ಒಂದು ಗಾಲಿ ಹೆಚ್ಚು, ಇನ್ನೊಂದು ಕಡಿಮೆ ತಿರುಗಲಿ ಎಂದು ಆ ಏರ್ಪಾಡು. ಒಳ್ಳೆಯ ರಸ್ತೆಯಲ್ಲಿ ಅದು ಚೆನ್ನ. ಹಳ್ಳಕ್ಕಿಳಿದು ಒಂದು ಗಾಲಿ ಗಾಳಿಯಲ್ಲಿ ನೇತಾಡಿತೋ, ಮುಂದಕ್ಕೆ ಬಂದ ಶಕ್ತಿಯೆಲ್ಲ ಆ ಗಾಲಿಯಲ್ಲೇ ಹರಿದುಹೋಗುತ್ತದೆ, ನೆಲ ಕಚ್ಚಿದ ಗಾಲಿ ಕೈಕಟ್ಟಿ ನಿಂತುಬಿಡುತ್ತದೆ. ಗಡಿಗೆಯೊಳಗಿನ ಸಣ್ಣ ಗೇರುಗಳನ್ನು ತೆಗೆದು, ಹಲ್ಲಿಗೆ ಹಲ್ಲು ಕಚ್ಚುವ ಉಕ್ಕಿನ ತುಂಡುಗಳನ್ನು ಕೂರಿಸಿದರೆ ಎರಡು ಗಾಲಿಯೂ ಜೊತೆಗೇ ತಿರುಗುತ್ತವೆ. ಅದೇ ಲಾಕರ್. ಈ ಗಾಡಿಗೆ ಕಂಪನಿಯವರು ಹಾಕಿರಲಿಲ್ಲ, ಬೇರೆ ಕಡೆಯಿಂದ ತರಿಸಿ ಹಾಕಬೇಕಿತ್ತು. ಹಾಕಿದ ಮೇಲೆ ಹ್ಯಾಂಡಲ್ ಭಾರವಾಗುತ್ತದೆ, ಗಾಡಿ ನೇರ ಹೋಗುವುದಕ್ಕೇ ಹಟ ಮಾಡುತ್ತದೆ.

ಸಾಮಾನು ಕೊರಿಯರಿನಲ್ಲಿ ಬಂದ ಮೇಲೆ ಬೈಕು ಹತ್ತಿ ಹೋದೆ. ಮನೆ ಊರಿನ ಕೊನೆಯಲ್ಲಿತ್ತು. ಅಂಗಳದ ಮುಂದೆ ಜೋಳದ ಹೊಲ, ಹೊಲ ಮುಗಿದರೆ ಆಳವಾದ ಹಳ್ಳ, ಹಳ್ಳದಾಚೆ ಹಸಿರು ಕತ್ತಲೆ. ಮಂಗಳಮ್ಮನಿಗೆ ಮೂವತ್ತೈದರ ಆಸುಪಾಸು. ಎಡಗಾಲು ಚಿಕ್ಕಂದಿನಲ್ಲೇ ಸೊರಗಿತ್ತು. ಮಂಡಿಯ ಮೇಲೆ ಕೈಯೂರಿ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದರು. ಅತ್ತೆ ಸಿದ್ದಮ್ಮ ಹಣೆ ತುಂಬ ವಿಭೂತಿ ಬಳಿದುಕೊಂಡು ಜಗಲಿಯಲ್ಲಿ ಕೂತಿದ್ದರು. ನನಗೆ ನೀರು ಕೊಟ್ಟರು, ಬೆಲ್ಲ ಕೊಟ್ಟರು, ಗಾಡಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಆ ಗಾಡಿ ಮಂಗಳಮ್ಮನ ಗಂಡ ಮಹದೇವಸ್ವಾಮಿಯದು. ಹೆಂಡತಿಗೆ ನಡೆಯುವುದು ಕಷ್ಟ, ಅವಳಿಗೂ ಹೊಲ ನೋಡುವ ಆಸೆ ಎಂದು ಒಂದು ರೆಸಾರ್ಟಿನವರು ಮಾರುತ್ತಿದ್ದ ಹಳೆಯ ಎಟಿವಿ ತಂದಿದ್ದರಂತೆ. ಹಿಂದೆ ಕೂರಿಸಿಕೊಂಡು ಊರ ನಡುವೆ ಹೋಗುವಾಗ ಗಂಡಸರು ಚುಡಾಯಿಸುತ್ತಿದ್ದರಂತೆ. “ರಾಜ ರಾಣಿ ಅಂಬಾರಿ ಮ್ಯಾಲ್ ಒಂಟ್ರು ಕಣ್ಲಾ ಅನ್ನೋರು” ಎಂದು ಹೇಳುವಾಗ ಮಂಗಳಮ್ಮನ ಮುಖ ಒಂದು ಕ್ಷಣ ಅರಳಿತು. ಹಿಂದಿನ ದೀಪಾವಳಿ ಮಳೆಯಲ್ಲಿ ಮಹದೇವಸ್ವಾಮಿ ಹಳ್ಳದಾಚೆಯ ಹೊಲಕ್ಕೆ ಒಬ್ಬರೇ ಹೋದವರು ಮತ್ತೆ ಬರಲಿಲ್ಲ. ಬೆಳಿಗ್ಗೆ ಊರವರು ನೋಡಿದಾಗ ಗಾಡಿ ಹಳ್ಳದಲ್ಲಿ ವಾಲಿ ನಿಂತಿತ್ತು. ಮುಂದಿನ ಎಡಗಾಲಿ ಗಾಳಿಯಲ್ಲಿತ್ತು, ಇಂಜಿನ್ನಿನ ಕೀಲಿ ತಿರುಗಿಸಿದ ಹಾಗೇ ಇತ್ತು, ಪೆಟ್ರೋಲು ಉರಿದು ಮುಗಿದಿತ್ತು. ಆನೆಯ ಹೆಜ್ಜೆಗಳು ಹಳ್ಳದ ಮೇಲುಗಡೆಗೆ ಹೋಗಿದ್ದವು. ಊರವರು, ಫಾರೆಸ್ಟಿನವರು, ಪೊಲೀಸಿನವರು ಎಲ್ಲ ಸೇರಿ ಆ ಕಡೆಯೇ ಬೆಟ್ಟದವರೆಗೂ ಹುಡುಕಿದರು. ಆನೆ ಎಂದರು, ಹುಲಿ ಎಂದರು, ನೀರು ಕೊಚ್ಚಿಕೊಂಡು ಹೋಯಿತು ಎಂದರು. ಒಂದು ಚಪ್ಪಲಿಯೂ ಸಿಗಲಿಲ್ಲ.

ಈಗ ಊರಿನ ಹಿರಿಯರು ಬೆನ್ನು ಬಿದ್ದಿದ್ದರು. ಇನ್ನೆಷ್ಟು ದಿನ ಕಾಯುವುದು, ಸ್ವಾಮಿಗಳನ್ನು ಕರೆಸಿ ಮಾಡಬೇಕಾದ್ದನ್ನು ಮಾಡಿ ಮುಗಿಸಿ ಎಂದು. ಮಂಗಳಮ್ಮ ಕೈಯ ಬಳೆ ತೆಗೆದಿರಲಿಲ್ಲ.

“ಭೀಮನ್ ಅಮಾಸೆ ಬತ್ತಾ ಅದ. ಗಂಡನ್ ಪಾದ ತೊಳ್ದು ಪೂಜೆ ಮಾಡೋ ದಿನ. ನಾನ್ ಮಾಡ್ಬೇಕಾ, ಬ್ಯಾಡ್ವಾ, ಅದ್ ನಂಗ್ ಗೊತ್ತಾಗ್ಬೇಕು. ಹಳ್ಳ ದಾಟಿ ಆಚೆ ನೋಡ್ಕಂಡ್ ಬಂದ್ಬುಟ್ರೆ ಮುಗೀತು, ಆಮ್ಯಾಕೆ ಊರೋರು ಯೋಳ್ದಂಗೆ ಕೇಳ್ತೀನಿ” ಎಂದರು.

“ಊರಿನ ಹುಡುಗರು ಯಾರಾದರೂ ಹೋಗಿ ನೋಡಬಹುದಲ್ಲ?” ಎಂದೆ.

ಮಂಗಳಮ್ಮ ಅತ್ತೆಯ ಕಡೆ ನೋಡಿದರು. ಸಿದ್ದಮ್ಮ ಬಾಯಿ ಬಿಟ್ಟದ್ದು ಆಗಲೇ.

“ಅದು ಮಾರಿ ಬುಡೋ ಜಾಗ ಕಣಪ್ಪ. ಅಲ್ಲಿಗ್ ಯಾರೂ ಓಗಲ್ಲ.”

ಊರಿಗೆ ಜಾಡ್ಯ ಬಂದರೆ ಮಾರಿಯನ್ನು ಮೊರದಲ್ಲಿ ಕೂರಿಸಿ, ಗಡಿಗೆಗಳಲ್ಲಿ ಅನ್ನ ನೀರು ತುಂಬಿ, ಬೇವು ಬಳೆ ಪೊರಕೆಯ ಸಮೇತ ಊರ ಗಡಿಯಾಚೆಗೆ ಹೊತ್ತು ಹೋಗಿ ಬಿಟ್ಟು ಬರುವುದು ಈ ಕಡೆಯ ಪದ್ಧತಿ. ಬಿಟ್ಟ ಮೇಲೆ ಗಡಿಗೆಗಳನ್ನು ಬೋರಲು ಹಾಕುತ್ತಾರೆ, ಹಿಂದಿರುಗಿ ನೋಡದೆ ಬರುತ್ತಾರೆ. ಈ ಊರಿನವರು ಬಿಡುವ ಜಾಗದಲ್ಲೇ ಆಚೆ ಊರಿನವರೂ ತಮ್ಮ ಮಾರಿಯನ್ನು ಬಿಡುತ್ತಾರೆ. ಹಳ್ಳ ದಾಟಿದ ಮೇಲೆ ದಾರಿ ಬಲಕ್ಕೆ ಹೊಲದ ಕಡೆ ತಿರುಗುತ್ತದೆ. ನೇರಕ್ಕೆ, ಲಂಟಾನದ ಹಿಂದೆ ಇರುವುದೇ ಆ ಜಾಗ. ಅದು ಯಾರ ಊರಿಗೂ ಸೇರಿದ್ದಲ್ಲ. ಹುಡುಕಲು ಹೋದಾಗ ಇವರು ಇತ್ತ ಕಡೆಯವರೆಗೆ ಹುಡುಕಿದರು, ಅವರು ಅತ್ತ ಕಡೆಯವರೆಗೆ ಹುಡುಕಿದರು, ಹೊರಗಿನಿಂದ ಬಂದವರು ಊರವರು ತೋರಿಸಿದ ಕಡೆ ಹೋದರು. ಮಂಗಳಮ್ಮ ತಾವೇ ಹೋಗಲು ನೋಡಿ ಹಳ್ಳದ ಕೆಸರಿನಲ್ಲಿ ಬಿದ್ದಿದ್ದರು. ಎತ್ತಿ ತಂದವರು ಮನೆಗೆ ಬಿಟ್ಟರೇ ಹೊರತು ಆಚೆ ದಾಟಿಸಲಿಲ್ಲ.

ದನದ ಕೊಟ್ಟಿಗೆಯಲ್ಲೇ ಕೆಲಸ ಶುರು ಮಾಡಿದೆ. ಗಾಡಿಯ ಮೂತಿಯನ್ನು ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿ, ಒಂದು ಗಾಲಿಯನ್ನು ಕೈಯಿಂದ ಮುಂದಕ್ಕೆ ತಿರುಗಿಸಿ ಮಂಗಳಮ್ಮನಿಗೆ ತೋರಿಸಿದೆ. ಇನ್ನೊಂದು ಹಿಂದಕ್ಕೆ ತಿರುಗಿತು. “ನೋಡಿ, ಇದು ಒಂದು ಕಡೆ, ಅದು ಒಂದು ಕಡೆ. ಅವತ್ತು ಹಳ್ಳದಲ್ಲಿ ಆಗಿದ್ದೂ ಇದರ ದೆಸೆಯಿಂದಲೇ” ಎಂದೆ. ಎಣ್ಣೆ ಇಳಿಸಿದರೆ ಹಾಲಿನಂಥದ್ದು ಬಂತು, ಹಳ್ಳದ ನೀರು ಒಳಗೆ ಹೋಗಿತ್ತು. ಗಡಿಗೆ ಬಿಚ್ಚಿ ತೊಳೆದೆ, ಹಳೆಯ ಗೇರು ತೆಗೆದೆ, ಲಾಕರಿನ ತುಂಡುಗಳನ್ನು ಇಟ್ಟು ನಡುವಿನ ಸಂದನ್ನು ಮತ್ತೆ ಮತ್ತೆ ಅಳೆದೆ. ಅಕ್ಕಿಕಾಳಿನಷ್ಟಿದ್ದ ಸ್ಪ್ರಿಂಗುಗಳು ಕೈ ಜಾರಿ ಹುಲ್ಲಿಗೆ ಬೀಳುತ್ತಿದ್ದವು. ನಾನು ಉರ್ದುವಿನಲ್ಲಿ ಬೈದರೆ ಹಸು ತಿರುಗಿ ನೋಡುತ್ತಿತ್ತು. ದಿನಾ ಬೆಳಿಗ್ಗೆ ಬರುವುದು, ಸಂಜೆಗೆ ಮುಂಚೆ ಹೊರಡುವುದು. ಆ ಊರಿನಲ್ಲಿ ಸಂಜೆ ಆಗುತ್ತಿದ್ದ ಹಾಗೆ ಹಳ್ಳದ ಕಡೆಯ ಕಿಟಕಿ ಬಾಗಿಲುಗಳನ್ನೆಲ್ಲ ಹಾಕುತ್ತಿದ್ದರು. ಚಳಿಗಾಳಿ ಬರುತ್ತದೆ ಎಂದು ನಾನು ಅಂದುಕೊಂಡಿದ್ದೆ.

ಗಡಿಗೆ ಮುಚ್ಚಿ ಹೊಸ ಎಣ್ಣೆ ತುಂಬಿದ ಸಂಜೆ ಮಳೆ ಜೋರಾಗಿ ನಾನು ಅಲ್ಲೇ ನಿಂತುಬಿಟ್ಟೆ. ಗಾಡಿ ಇನ್ನೂ ಕಲ್ಲಿನ ಮೇಲಿತ್ತು. ಕೊಟ್ಟಿಗೆಯಲ್ಲಿ ನಾನೊಬ್ಬನೇ ಕೈ ಒರೆಸಿಕೊಳ್ಳುತ್ತಿದ್ದೆ. ಟಿಕ್ ಎಂದಿತು. ನೋಡಿದರೆ ಮುಂದಿನ ಎರಡು ಗಾಲಿಯೂ ಒಂದೇ ಕಡೆಗೆ, ಮೆಲ್ಲಗೆ, ಹಳ್ಳದ ದಿಕ್ಕಿಗೆ ತಿರುಗುತ್ತಿದ್ದವು. ನಾನು ಮುಟ್ಟಿರಲಿಲ್ಲ. ಹೋಗಿ ಟೈರಿನ ಮೇಲೆ ಕೈ ಇಟ್ಟು ನಿಲ್ಲಿಸಲು ನೋಡಿದೆ, ನನ್ನ ಅಂಗೈಯನ್ನೇ ತಳ್ಳಿಕೊಂಡು ಇನ್ನೊಂದು ಚೂರು ತಿರುಗಿ ನಿಂತವು. ಗಾಳಿಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅಷ್ಟು ದಪ್ಪ ಟೈರು ಆ ಗಾಳಿಗೆ ಅಲ್ಲಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನಿಜವಾಗಿ ಹೆದರಿದ್ದೆ.

ಹಿಂದೆ ಮಂಗಳಮ್ಮ ನಿಂತಿದ್ದರು. ಅವರೂ ನೋಡಿದ್ದರು. ಆಶ್ಚರ್ಯವೇನೂ ಇರಲಿಲ್ಲ ಅವರ ಮುಖದಲ್ಲಿ.

“ಅಣ್ಣ, ನಿಮ್ಗೊಂದ್ ಯೋಳಿಲ್ಲ” ಎಂದರು. “ಅವ್ರು ಓದ್ಮೇಲೆ ಮೂರ್ನಾಕ್ ಸಂಜೆ ಹಳ್ಳದ್ ಆಚೆಯಿಂದ ನನ್ನೆಸ್ರ ಕೂಗ್ತು. ಮಂಗ್ಳಾ, ಮಂಗ್ಳಾ ಅಂತ. ಅವ್ರು ಕೂಗೋ ತರಾನೇ, ಕೊನೇಲಿ ಎಳ್ದು.”

“ಯಾರು ಕೂಗಿದ್ದು?”

“ಊರ್ಗೆಲ್ಲ ಕೇಳುಸ್ತು. ಮಾರಿ ಕೂಗ್ತಾ ಅವ್ಳೆ ಅಂದ್ರು. ಆ ದಿಕ್ಕಿಂದ ಯಾರ್ ಕೂಗುದ್ರೂ ಓಗೊಡ್ಬಾರ್ದು, ಓಗೊಟ್ರೆ ದನಿ ಇಡ್ಕಂಡು ಊರೊಳಕ್ ಬತ್ತಾಳೆ ಅಂತ. ಎಲ್ರೂ ಬಾಗ್ಲು ಆಕಂಡ್ರು. ನಮ್ಮತ್ತೇನೂ ಆಕುದ್ರು. ನಾನೂ ಒಳ್ಗೇ ಕುಂತಿದ್ದೆ. ಆಮ್ಯಾಕೆ ದನಿ ಸಣ್ಣಕಾಯ್ತು, ಆಮ್ಯಾಕೆ ನಿಂತೋಯ್ತು.”

ಪೊಲೀಸಿನವರಿಗೆ ಹೇಳಲಿಲ್ಲವೇ ಎಂದು ಕೇಳಿದೆ. ಹೇಳಿದ್ದರಂತೆ. ಅವರು ಊರವರನ್ನು ವಿಚಾರಿಸಿದರು, ಕೇಳಿದೆ ಎಂದು ಒಬ್ಬರೂ ಒಪ್ಪಲಿಲ್ಲ. ಮಾರಿಯ ಹೆಸರೆತ್ತಿದರೂ ಅವಳು ಬರುತ್ತಾಳೆ ಎಂಬ ಭಯ. ಅದಾದ ಮೇಲೆ ಆ ಕಡೆಯಿಂದ ವಾಸನೆ ಬಂದಿತ್ತಂತೆ, ಹಂದಿ ಸತ್ತಿರಬೇಕು ಎಂದು ಮಾತಾಡಿಕೊಂಡಿದ್ದರು.

“ಅದು ಮಾರಿಯೋ, ಅವ್ರೋ? ಅಷ್ಟೇ ಅಣ್ಣ ನಂಗ್ ಬೇಕಾಗಿರದು” ಎಂದರು ಮಂಗಳಮ್ಮ.

ಆ ಸಂಜೆ ಮಳೆಯಲ್ಲೇ ಬೈಕು ಹತ್ತಿ ಬಂದೆ. ಮನೆಗೆ ಬಂದು ಎಲ್ಲ ಹೇಳಿದೆ. ಇನ್ನು ಆ ಕಡೆ ಹೋಗಬೇಡಿ ಎಂದಳು ಹೆಂಡತಿ. ಹೋಗದಿರುವುದೇ ಜಾಣತನ ಎಂದು ನನಗೂ ಅನ್ನಿಸಿತು. ಆದರೆ ಆ ಹೆಂಗಸು ಬಾಗಿಲ ಹಿಂದೆ ಕೂತು ದನಿ ಸಣ್ಣಗಾಗುವುದನ್ನು ಕೇಳಿದ್ದು ನೆನಪಾಗಿ ಹಾಸಿಗೆಯಲ್ಲಿ ಹೊರಳಾಡಿದೆ. ಅಮಾವಾಸ್ಯೆಗೆ ಮುಂಚಿನ ದಿನ ಮಧ್ಯಾಹ್ನ ಹೋದೆ.

ಮೋಡ ಕವಿದು ಬೆಳಕು ಬೂದಿಯಾಗಿತ್ತು. ನಾನು ಮುಂದೆ, ಮಂಗಳಮ್ಮ ಹಿಂದೆ ಕ್ಯಾರಿಯರಿನ ಕಂಬಿ ಹಿಡಿದು ಕೂತರು. ಅಲ್ಲಲ್ಲಿ ಜನ ನಿಂತು ನೋಡುತ್ತಿದ್ದರು, ಯಾರೂ ತಡೆಯಲಿಲ್ಲ. ಒಬ್ಬ ಮುದುಕ ನಾವು ದಾಟುವಾಗ ಕಣ್ಣು ಮುಚ್ಚಿಕೊಂಡ. ಹಳ್ಳಕ್ಕೆ ಇಳಿದೆವು. ಮಹದೇವಸ್ವಾಮಿಯ ಗಾಡಿ ಸಿಕ್ಕಿಬಿದ್ದ ಜಾಗ ನೋಡಿದ ಕೂಡಲೇ ಗುರುತಾಯಿತು, ಒಂದು ಕಡೆ ಬಂಡೆ, ಇನ್ನೊಂದು ಕಡೆ ನೆಲವೇ ಇಲ್ಲದ ಹಾಗೆ ಗುಂಡಿ. ಎಡಗಾಲಿ ಗಾಳಿಗೆ ಎದ್ದಿತು. ನಾನು ಆಕ್ಸಿಲರೇಟರ್ ಒತ್ತಿದೆ. ಬಲಗಾಲಿ ಬಂಡೆಯನ್ನು ಕಚ್ಚಿತು, ಗಾಡಿ ಮೂತಿ ಎತ್ತಿ, ತೆವಳಿ, ಆಚೆ ದಡ ಹತ್ತಿಬಿಟ್ಟಿತು. ಬೇರೆ ದಿನವಾಗಿದ್ದರೆ ಹಾರ್ನು ಹೊಡೆದು ಕುಣಿಯುತ್ತಿದ್ದೆ.

ದಾರಿ ಬಲಕ್ಕೆ ತಿರುಗಿತು. ನಾನು ಹ್ಯಾಂಡಲ್ ತಿರುಗಿಸಿದೆ, ಗಾಡಿ ತಿರುಗಲಿಲ್ಲ. ಲಾಕರ್ ಹಾಕಿದ ಗಾಡಿ ನೇರಕ್ಕೆ ಎಳೆಯುತ್ತದೆ, ಆದರೂ ಕೆಸರಿನಲ್ಲಿ ಒಂದಿಷ್ಟಾದರೂ ಜಾರಿ ತಿರುಗಲೇಬೇಕು. ಎರಡು ಕೈಯ ಬಲ ಹಾಕಿದೆ. ಬ್ರೇಕು ಹಿಡಿದರೂ ಗಾಡಿ ಲಂಟಾನದ ಗೋಡೆಗೆ ನೇರವಾಗಿ ಜಾರಿತು. ಮುಳ್ಳು ಮುಖಕ್ಕೆ ಗೀರಿತು.

“ಬುಡಿ ಅಣ್ಣ, ಓಗ್ಲಿ” ಎಂದರು ಹಿಂದಿನಿಂದ ಮಂಗಳಮ್ಮ.

ಪೊದೆ ಸೀಳಿ ನಿಂತದ್ದು ಒಂದು ಬಯಲಿನಲ್ಲಿ. ಇಂಜಿನ್ ತಾನೇ ಆರಿತು. ಸುತ್ತ ಮುರಿದ ಮೊರಗಳು, ಕೊಳೆತ ಪೊರಕೆಗಳು, ಮಣ್ಣಿನಲ್ಲಿ ಹೂತ ಗಾಜಿನ ಬಳೆಗಳು, ಎಷ್ಟೋ ವರ್ಷಗಳ ಗಡಿಗೆಗಳು. ಎಲ್ಲ ಬೋರಲು ಬಿದ್ದಿದ್ದವು. ಹಕ್ಕಿಯ ಸದ್ದೂ ಇರಲಿಲ್ಲ. ಎದುರಿಗೆ ಒಂದು ಕಲ್ಲಿಗೆ ಒರಗಿ ನೀಲಿ ರೇನ್‌ಕೋಟು ಕೂತಿತ್ತು. ಗುಂಡಿಗಳನ್ನು ಕತ್ತಿನವರೆಗೂ ಹಾಕಿತ್ತು. ಲಿಂಗವಂತರನ್ನು ಮಣ್ಣು ಮಾಡುವಾಗ ಕೂರಿಸುತ್ತಾರಲ್ಲ, ಹಾಗೆ ಕೂತಿತ್ತು. ಒಂದು ಕಾಲನ್ನು ಚಾಚಿ ಕೋಲು ಇಟ್ಟು ಟವೆಲ್ಲಿನಿಂದ ಬಿಗಿದಿತ್ತು. ನಾನು ಮುಖದ ಕಡೆ ಒಂದೇ ಸಲ ನೋಡಿದ್ದು.

ಅವತ್ತು ಮಹದೇವಸ್ವಾಮಿ ಗಾಡಿ ತಳ್ಳಲು ಇಳಿದಾಗ ಅದು ಜಾರಿ ಕಾಲಿನ ಮೇಲೆ ಬಂದಿರಬೇಕು. ಮನೆ ಕಡೆಯ ದಡ ಕಡಿದಾದದ್ದು, ಹತ್ತಲು ಆಗಿಲ್ಲ. ಈ ಕಡೆಯ ಇಳಿಜಾರಿನಲ್ಲಿ ತೆವಳಿಕೊಂಡು ಇಲ್ಲಿಗೆ ಬಂದಿದ್ದಾರೆ.

ಮಂಗಳಮ್ಮ ಹತ್ತಿರ ಹೋಗಿ ಕೂತರು. ರೇನ್‌ಕೋಟಿನ ಮೇಲಿನ ಗುಂಡಿ ಬಿಚ್ಚಿ ಒಳಗೆ ಕೈ ಹಾಕಿ ಕರಡಿಗೆಯನ್ನು ಹೊರಗೆ ತೆಗೆದರು. ಇಷ್ಟಲಿಂಗ ಇಡುವ ಬೆಳ್ಳಿಯ ಕರಡಿಗೆ, ಕಪ್ಪಾಗಿತ್ತು. ಕಣ್ಣಿಗೊತ್ತಿಕೊಂಡು ಮತ್ತೆ ಒಳಗೇ ಇಟ್ಟು ಗುಂಡಿ ಹಾಕಿದರು. ಅಳಲಿಲ್ಲ. ನನಗೇ ಅಳು ತಡೆಯಲಾಗಲಿಲ್ಲ.

“ಅಣ್ಣ, ಇಲ್ನೋಡಿ” ಎಂದರು.

ರೇನ್‌ಕೋಟಿನ ಬಲಗೈಗೆ ಎಟುಕುವಷ್ಟು ದೂರದಲ್ಲಿ ಕೆಲವು ಗಡಿಗೆಗಳು ಮಾತ್ರ ಬಾಯಿ ಮೇಲಾಗಿ ಸಾಲಾಗಿ ನಿಂತಿದ್ದವು. ಮಳೆ ನೀರು ತುಂಬಿತ್ತು. ಕುಡಿಯುವುದಕ್ಕೆಂದು ಅವರೇ ಎತ್ತಿ ನಿಲ್ಲಿಸಿಕೊಂಡದ್ದು. ಅಂದರೆ ದಿನಗಟ್ಟಲೆ ಬದುಕಿದ್ದರು.

ಪೊಲೀಸಿನವರಿಗೆ ಹೇಳಬೇಕು ಎಂದು ಹೇಗೋ ಅಂದೆ.

“ಯೋಳುವ. ಅದುಕ್ ಮುಂಚೆ ಒಂದ್ ಕೆಲ್ಸ ಮಾಡಿ. ನೀವು ಮನೆಗೋಗಿ ಅಂಗಳದಲ್ಲಿ ನಿಂತ್ಕಳಿ. ನಾನ್ ಇಲ್ಲಿಂದ ಕೂಗ್ತೀನಿ. ಕೇಳುಸ್ತದಾ ಅಂತ ನೋಡಿ.”

“ಇಲ್ಲಿ ಒಬ್ಬರನ್ನೇ ಹೇಗೆ ಬಿಟ್ಟು ಹೋಗಲಿ? ಆನೆ ಬಂದರೆ?”

“ಇಷ್ಟ್ ದಿನ ಅವ್ರೊಬ್ರೇ ಇದ್ರಲ್ಲ” ಎಂದರು.

ಹೊರಟೆ. ಹಿಂದಿರುಗಿ ನೋಡಬಾರದು ಎಂದು ಯಾರೂ ನನಗೆ ಹೇಳಿರಲಿಲ್ಲ, ಆದರೂ ನೋಡಲಿಲ್ಲ. ಅಂಗಳಕ್ಕೆ ಬಂದು ಇಂಜಿನ್ ಆರಿಸಿದೆ. ಸಿದ್ದಮ್ಮ ಜಗಲಿಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಬೆಳಕು ಇಳಿಯುತ್ತಿತ್ತು, ಅಕ್ಕಪಕ್ಕದ ಮನೆಗಳಲ್ಲಿ ಕಿಟಕಿ ಹಾಕುವ ಸದ್ದು.

“ಅವ್ಳೆಲ್ಲಿ?” ಎಂದರು.

ನಾನು ಹೇಳುವಷ್ಟರಲ್ಲಿ ಬಂತು. ಬೆಟ್ಟದ ಕಡೆಯ ಗಾಳಿಯಲ್ಲಿ ತೇಲಿಕೊಂಡು, ಹೆಣ್ಣು ದನಿಯೋ ಗಂಡು ದನಿಯೋ ತಿಳಿಯದಷ್ಟು ತೆಳ್ಳಗೆ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ.

“ಮಂಗ್ಳಾ…”

ಮಂಗಳಮ್ಮ ತಮ್ಮ ಹೆಸರನ್ನೇ ಕೂಗುತ್ತಿದ್ದರು. ಗಂಡ ಕೂಗಿದ ಹಾಗೆ, ಕೊನೆಯಲ್ಲಿ ಎಳೆದು. ನಾನು ಓಗೊಡಲು ಬಾಯಿ ತೆರೆದೆ. ಸಿದ್ದಮ್ಮ ಆ ವಯಸ್ಸಿನಲ್ಲಿ ಎಲ್ಲಿಂದ ಬಂತೋ ಆ ವೇಗ, ಎದ್ದು ಬಂದು ನನ್ನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿದರು.

“ಓಗೊಡ್ಬ್ಯಾಡ ಕಣಪ್ಪ! ಅದೇ ಅದು. ಅವತ್ತೂ ಇಂಗೇ ಕೂಗ್ತು.”

ಅವರ ಕೈಯನ್ನು ಬಿಡಿಸಿದೆ. ಹೇಳದೆ ಬೇರೆ ದಾರಿ ಇರಲಿಲ್ಲ.

“ಅವ್ವಾ, ಅದು ನಿಮ್ಮ ಸೊಸೆ. ಮಾರಿ ಜಾಗದಿಂದ ಕೂಗ್ತಾ ಅವ್ರೆ. ಮಾದೇವಸ್ವಾಮಿ ಅಲ್ಲೇ ಅವ್ರೆ. ಕಾಲು ಮುರ್ಕೊಂಡು ಅಲ್ಲೇ ಕೂತಿದ್ರು ಅವ್ವಾ.”

ಎರಡನೆಯ ಕೂಗು ಬಂತು. ಸಿದ್ದಮ್ಮ ನನ್ನನ್ನೇ ನೋಡುತ್ತ ನಿಂತರು. ಮತ್ತೆ ಕೂಗಿತು. ಮುದುಕಿ ಅಂಗಳ ದಾಟಿ ಜೋಳದ ಹೊಲದ ಬದುವಿನವರೆಗೂ ನಡೆದುಹೋದರು. ಹಳ್ಳದ ಕಡೆಗೆ ಮುಖ ಮಾಡಿ, ಎರಡು ಕೈಯನ್ನೂ ಬಾಯಿಗೆ ಅಡ್ಡ ಹಿಡಿದು, ಊರೆಲ್ಲ ಬೆಚ್ಚಿಬೀಳುವ ಹಾಗೆ ಕೂಗಿದರು.

“ಓ… ಬಂದೆ ಕಣ್ಲಾ ಮಗಾ… ಬಂದೆ…”

ಆಚೆಯ ಕೂಗು ನಿಂತಿತು. ಸಿದ್ದಮ್ಮ ಮಾತ್ರ ಓಗೊಡುತ್ತಲೇ ಇದ್ದರು.